‘ಪೇಷಂಟ್‌ಗೆ ನೀವು ಏನಾಗಬೇಕು?’

ಪ್ರಶ್ನೆ: ನಾನು ಮತ್ತು ನನ್ನ ಸಂಗಾತಿ ಇಬ್ಬರೂ ಹೆಂಗಸರು. ಎಂಟು ವರ್ಷದಿಂದ ಬೆಂಗಳೂರಿನಲ್ಲಿ ಒಟ್ಟಿಗೆ ಬದುಕುತ್ತಿದ್ದೇವೆ. ಅವಳಿಗೆ 38 ವರ್ಷ. ಹೋದ ತಿಂಗಳು ಎಡ ಸ್ತನದಲ್ಲಿ ಕ್ಯಾನ್ಸರ್ ಇದೆ ಅಂತ ಗೊತ್ತಾಯಿತು. ಎರಡನೇ ಹಂತವಂತೆ. ಮೊದಲು ಕೀಮೋ, ಆಮೇಲೆ ಆಪರೇಷನ್ ಅಂದಿದ್ದಾರೆ. ಆಸ್ಪತ್ರೆಯ ಕೌಂಟರ್‌ನಲ್ಲಿ ‘ಪೇಷಂಟ್‌ಗೆ ನೀವು ಏನಾಗಬೇಕು?’ ಅಂದರು. ‘ಫ್ರೆಂಡ್’ ಅಂದೆ. ಈಗ ‘ಮನೆಯವರನ್ನು ಕರೆಸಿ, ಅವರ ಸಹಿ ಬೇಕು’ ಅನ್ನುತ್ತಿದ್ದಾರೆ. ಅವಳ ಅಣ್ಣ ದಾವಣಗೆರೆಯಲ್ಲಿದ್ದಾನೆ. ನಮ್ಮ ವಿಷಯ ತಿಳಿದ ಮೇಲೆ ಮಾತು ಬಿಟ್ಟಿದ್ದಾನೆ. ತಾಯಿಗೆ ವಯಸ್ಸಾಗಿದೆ. ನಾನು ಸಹಿ ಹಾಕಬಹುದಾ? ಐಸಿಯುಗೆ ಸೇರಿಸಿದರೆ ನನ್ನನ್ನು ಒಳಗೆ ಬಿಡುತ್ತಾರಾ? ಡಾಕ್ಟರಿಗೆ ನಮ್ಮ ಸಂಬಂಧ ಹೇಳಬೇಕಾ? ಹೇಳಿದ ಮೇಲೆ ಅವಳನ್ನು ಬೇರೆ ಥರ ನೋಡಿದರೆ? ಇನ್ನೊಂದು ವಿಷಯ. ನಮ್ಮ ಸ್ನೇಹಿತನೊಬ್ಬ ಟ್ರಾನ್ಸ್ ಪುರುಷ. ಹುಟ್ಟಿದಾಗ ಹೆಣ್ಣು ಅಂತ ಬರೆಸಿದ್ದರು, ಈಗ ಗಂಡಾಗಿ ಬದುಕುತ್ತಿದ್ದಾನೆ. ಇದನ್ನೆಲ್ಲ ನೋಡಿ ಅವನಿಗೂ ಭಯ ಹತ್ತಿದೆ. ಅವನೂ ತಪಾಸಣೆ ಮಾಡಿಸಬೇಕಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ಸಹಿಯ ವಿಷಯ. ನಿಮ್ಮ ಸಂಗಾತಿಯ ಕೀಮೋಗೆ, ಆಪರೇಷನ್‌ಗೆ ಬೇಕಾಗಿರುವ ಸಹಿ ಅಣ್ಣನದಲ್ಲ, ತಾಯಿಯದಲ್ಲ, ನಿಮ್ಮದೂ ಅಲ್ಲ. ಅವರದೇ. ವಯಸ್ಸಿಗೆ ಬಂದ, ಎಚ್ಚರವಿರುವ, ವಿಷಯ ಅರ್ಥ ಮಾಡಿಕೊಳ್ಳಬಲ್ಲ ರೋಗಿಯ ಒಪ್ಪಿಗೆ ಸಾಕು. ಇದು ನನ್ನ ಅಭಿಪ್ರಾಯ ಅಲ್ಲ, ಸುಪ್ರೀಂ ಕೋರ್ಟಿನ ಮಾತು.

ಸಮೀರಾ ಕೊಹ್ಲಿ ಪ್ರಕರಣ ಅಂತ ಒಂದಿದೆ. 2008ರ ಜನವರಿಯಲ್ಲಿ ತೀರ್ಪು ಬಂತು. ಮದುವೆಯಾಗದ, 44 ವರ್ಷದ ಹೆಂಗಸು. ಮುಟ್ಟಿನ ರಕ್ತಸ್ರಾವ ಬಹಳ ದಿನ ನಿಲ್ಲದಿದ್ದುದಕ್ಕೆ ಕಾರಣ ಏನು ಅಂತ ನೋಡುವುದಕ್ಕೆ ಅರಿವಳಿಕೆ ಕೊಟ್ಟು ಲ್ಯಾಪರೊಸ್ಕೋಪಿ, ಅಂದರೆ ಸಣ್ಣ ತೂತಿನಿಂದ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ ಮಾಡುತ್ತಿದ್ದರು. ಅವರು ಎಚ್ಚರ ತಪ್ಪಿ ಮಲಗಿರುವಾಗಲೇ ಹೊರಗೆ ಕೂತಿದ್ದ ತಾಯಿಯ ಸಹಿ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರು. ಕೋರ್ಟು ಇದನ್ನು ಒಪ್ಪಲಿಲ್ಲ. ರೋಗಿ ಸ್ವಲ್ಪ ಹೊತ್ತಿಗಷ್ಟೇ ಎಚ್ಚರ ತಪ್ಪಿದ್ದರು, ಜೀವಕ್ಕೆ ಅಪಾಯವೇನೂ ಇರಲಿಲ್ಲ, ಅವರು ಎದ್ದ ಮೇಲೆ ಕೇಳಬಹುದಿತ್ತು, ತಾಯಿಯ ಸಹಿ ಮಗಳ ಒಪ್ಪಿಗೆ ಆಗುವುದಿಲ್ಲ ಎಂದಿತು. ಹೆತ್ತ ತಾಯಿಗೇ ಇಲ್ಲದ ಅಧಿಕಾರ ಮಾತು ಬಿಟ್ಟ ಅಣ್ಣನಿಗೆ ಎಲ್ಲಿಂದ ಬರಬೇಕು?

ಹಾಗಾದರೆ ಆಸ್ಪತ್ರೆಯವರು ಮನೆಯವರ ಸಹಿ ಯಾಕೆ ಕೇಳುತ್ತಾರೆ? ಒಳಗಿದ್ದು ನೋಡಿದವನಾಗಿ ಹೇಳುತ್ತೇನೆ. ಅರ್ಧ ಕಾರಣ ಬಿಲ್ಲು. ಇನ್ನರ್ಧ, ನಾಳೆ ಏನಾದರೂ ಆದರೆ ನೆಂಟರು ಬಂದು ಗಲಾಟೆ ಮಾಡಬಾರದು ಅನ್ನುವ ಹೆದರಿಕೆ. ಎರಡೂ ಅವರ ಅನುಕೂಲಕ್ಕೆ ಮಾಡಿಕೊಂಡ ರೂಢಿ. ಸಾಕ್ಷಿಯಾಗಿ ಸಹಿ ಹಾಕುವುದಕ್ಕೆ, ಬಿಲ್ಲಿನ ಹೊಣೆ ಹೊರುವುದಕ್ಕೆ ರಕ್ತಸಂಬಂಧವೇ ಬೇಕು ಅಂತೇನಿಲ್ಲ. ಅದನ್ನು ನೀವೇ ಮಾಡಬಹುದು. ಕೌಂಟರ್‌ನಲ್ಲಿ ಜಗಳಕ್ಕೆ ನಿಲ್ಲಬೇಡಿ, ಅಲ್ಲಿ ಕೂತವರಿಗೆ ಇದೆಲ್ಲ ಗೊತ್ತಿರುವುದಿಲ್ಲ. ಚಿಕಿತ್ಸೆ ಕೊಡುವ ಡಾಕ್ಟರ್ ಹತ್ತಿರವೋ, ಆಸ್ಪತ್ರೆಯ ಮೆಡಿಕಲ್ ಸೋಶಿಯಲ್ ವರ್ಕರ್ ಹತ್ತಿರವೋ ಹೋಗಿ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಇಂಥವರು ಇರುತ್ತಾರೆ. ಇಂಥ ಗಂಟು ಬಿಡಿಸುವುದು ಅವರ ದಿನದ ಕೆಲಸ.

ಈಗ ನಿಜವಾದ ತೊಡಕಿಗೆ ಬರೋಣ. ಅವರು ಮಾತಾಡುವ ಸ್ಥಿತಿಯಲ್ಲಿ ಇಲ್ಲದಾಗ ಏನು? ಜೀವಕ್ಕೆ ಅಪಾಯವಿದ್ದರೆ ಡಾಕ್ಟರು ಯಾರ ಸಹಿಗೂ ಕಾಯಬೇಕಿಲ್ಲ, ಚಿಕಿತ್ಸೆ ಶುರು ಮಾಡಬೇಕು. ಆದರೆ ಐಸಿಯುನಲ್ಲಿ ನಾಲ್ಕಾರು ದಿನ ಮಲಗಿಸಿದಾಗ ‘ಮುಂದೇನು ಮಾಡೋಣ’ ಅಂತ ಯಾರನ್ನಾದರೂ ಕೇಳಲೇಬೇಕಾಗುತ್ತದೆ. ಆಗ ಆಸ್ಪತ್ರೆ ಅಣ್ಣನಿಗೆ ಫೋನ್ ಮಾಡುತ್ತದೆ. ಮದುವೆಯಾದ ಜೋಡಿಗೆ ಈ ಚಿಂತೆ ಇಲ್ಲ. ನಿಮಗೆ ಮದುವೆಯ ದಾರಿ ಇಲ್ಲ. 2018ರ ಸೆಪ್ಟೆಂಬರ್ 6ರಂದು, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್‌ನ ಹಲ್ಲು ಕಿತ್ತ ಸುಪ್ರೀಂ ಕೋರ್ಟೇ 2023ರ ಅಕ್ಟೋಬರ್‌ನಲ್ಲಿ ಸಲಿಂಗ ಮದುವೆಗೆ ಮಾನ್ಯತೆ ಕೊಡುವುದು ತನ್ನ ಕೆಲಸವಲ್ಲ ಎಂದಿತು. ಇಂಥ ಜೋಡಿಗಳ ದಿನನಿತ್ಯದ ತೊಂದರೆ ನೋಡುವುದಕ್ಕೆ ಕೇಂದ್ರ ಸರ್ಕಾರದ ಸಂಪುಟ ಕಾರ್ಯದರ್ಶಿಯ ಕೆಳಗೆ ಒಂದು ಸಮಿತಿ ಆಯಿತು. ಅದರ ಫಲವಾಗಿ 2024ರ ಆಗಸ್ಟ್‌ನಲ್ಲಿ ಕೆಲವು ಪತ್ರಗಳು ಹೊರಟವು. ಜಂಟಿ ಬ್ಯಾಂಕ್ ಖಾತೆ ತೆಗೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಅಂತ ಹಣಕಾಸು ಇಲಾಖೆ ಹೇಳಿತು. ಹತ್ತಿರದ ನೆಂಟರು ಸಿಗದಿದ್ದಾಗ ಸಂಗಾತಿಯೇ ಪಾರ್ಥಿವ ಶರೀರ ಪಡೆಯಬಹುದು ಅಂತ ಆರೋಗ್ಯ ಇಲಾಖೆ ರಾಜ್ಯಗಳಿಗೆ ಬರೆಯಿತು. ಸತ್ತ ಮೇಲೆ ಒಪ್ಪಿಸುವುದಕ್ಕೆ ಪತ್ರ ಬಂತು. ಬದುಕಿರುವಾಗ ಪಕ್ಕದಲ್ಲಿ ಕೂರುವುದಕ್ಕೆ ಅಷ್ಟು ಸ್ಪಷ್ಟವಾದ ಕಾಗದ ಇನ್ನೂ ಬರಬೇಕು. ನನಗೆ ಇದು ಸರಿ ಕಾಣುವುದಿಲ್ಲ, ಸುಮ್ನೆ ಮುಚ್ಚಿಟ್ಟು ಏನು ಪ್ರಯೋಜನ?

ಹೀಗಾಗಿ ಕಾನೂನು ಬರಲಿ ಅಂತ ಕಾಯಬೇಡಿ. ಅವರ ಕೈ ನಡುಗದೆ ಸಹಿ ಮಾಡುವ ದಿನಗಳಲ್ಲೇ, ಅಂದರೆ ಮೊದಲ ಕೀಮೋಗೆ ಮುಂಚೆಯೇ, ಎರಡು ಕಾಗದ ಮಾಡಿಸಿಕೊಳ್ಳಿ.

ಮೊದಲನೆಯದು ಸಣ್ಣದು. ಬಿಳಿ ಹಾಳೆಯ ಮೇಲೆ ಅವರ ಕೈಬರಹದಲ್ಲಿ ಇಷ್ಟು ಸಾಕು: ‘ನನ್ನ ಕಾಯಿಲೆ ಮತ್ತು ಚಿಕಿತ್ಸೆಯ ಎಲ್ಲಾ ಮಾಹಿತಿಯನ್ನು ಇಂಥವರಿಗೆ ತಿಳಿಸಲು ನನ್ನ ಒಪ್ಪಿಗೆ ಇದೆ. ವಾರ್ಡ್‌ನಲ್ಲಿ, ಐಸಿಯುನಲ್ಲಿ ನನ್ನ ಕಡೆಯವರು ಅಂದರೆ ಇವರೇ. ನಾನು ಮಾತಾಡಲು ಆಗದಿದ್ದರೆ ಮೊದಲು ಇವರನ್ನು ಸಂಪರ್ಕಿಸಿ.’ ಕೆಳಗೆ ಸಹಿ, ತಾರೀಖು, ನಿಮ್ಮ ಫೋನ್ ನಂಬರ್. ನೀವಿಬ್ಬರೂ ಏನಾಗಬೇಕು ಅಂತ ಬರೆಯಲೇಬೇಕೆಂದಿಲ್ಲ. ಇದನ್ನು ಡಾಕ್ಟರಿಗೆ ಕೊಟ್ಟು, ಕೇಸ್ ಶೀಟ್‌ನ ಒಳಗೆ ಹಾಕಿಸಿ. ಇದಕ್ಕೆ ಕೋರ್ಟಿನ ಮುದ್ರೆಯ ತೂಕ ಇಲ್ಲ ನಿಜ. ಆದರೆ ರಾತ್ರಿ ಪಾಳಿಯ ನರ್ಸ್ ಫೈಲ್ ತೆರೆದಾಗ ಮೊದಲು ಕಾಣುವುದು ಈ ಹಾಳೆ. ರೋಗಿಯೇ ಬರೆದುಕೊಟ್ಟಿದ್ದಾರೆ ಅಂದ ಮೇಲೆ ಅವರಿಗೂ ಧೈರ್ಯ ಬರುತ್ತದೆ. ಐಸಿಯು ಪಾಸ್ ಬಹಳ ಕಡೆ ಇಷ್ಟರಲ್ಲೇ ಸಿಗುತ್ತದೆ.

ಎರಡನೆಯದು ಗಟ್ಟಿ ಕಾಗದ. ಮುಂಗಡ ವೈದ್ಯಕೀಯ ಸೂಚನೆ ಅಥವಾ ಲಿವಿಂಗ್ ವಿಲ್ ಅನ್ನುತ್ತಾರೆ. ಗುಣವಾಗುವ ಆಸೆಯೇ ಇಲ್ಲದ ಹಂತ ಬಂದರೆ ವೆಂಟಿಲೇಟರ್‌ನಂಥ ಜೀವ ಹಿಡಿದಿಡುವ ಚಿಕಿತ್ಸೆ ಬೇಕೋ ಬೇಡವೋ, ಆಗ ತಮ್ಮ ಪರವಾಗಿ ಯಾರು ಮಾತಾಡಬೇಕು ಅಂತ ಮೊದಲೇ ಬರೆದಿಡುವುದು. ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಒಪ್ಪಿತು. ಆಗ ಮ್ಯಾಜಿಸ್ಟ್ರೇಟ್ ಸಹಿ ಬೇಕು ಅಂತಿತ್ತು, ಹೀಗಾಗಿ ಯಾರೂ ಆ ಕಡೆ ಹೋಗಲಿಲ್ಲ. 2023ರ ಜನವರಿಯಲ್ಲಿ ಅದನ್ನು ಸಡಿಲ ಮಾಡಿದರು. ಈಗ ಇಬ್ಬರು ಸಾಕ್ಷಿಗಳು ಮತ್ತು ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಈ ತೀರ್ಪನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಆದೇಶ ಹೊರಡಿಸಿತು. ಅದರಂತೆ ರೋಗಿ ತನ್ನ ಪರವಾಗಿ ತೀರ್ಮಾನ ತೆಗೆದುಕೊಳ್ಳಲು ಕನಿಷ್ಠ ಇಬ್ಬರನ್ನು ಹೆಸರಿಸಬೇಕು. ಮೊದಲ ಹೆಸರು ನಿಮ್ಮದಿರಲಿ. ಎರಡನೆಯದು ನಿಮ್ಮಿಬ್ಬರನ್ನೂ ಬಲ್ಲ ಗೆಳತಿಯೋ, ಮಾತಾಡುವ ತಂಗಿಯೋ, ಯಾರಾದರೂ ಆಗಬಹುದು. ಸಾಕ್ಷಿಗಳು ಬೇರೆಯವರಿರಲಿ.

ಎರಡನೇ ಹಂತದ ಕ್ಯಾನ್ಸರಿಗೆ ಇದೇನು ಸಾವಿನ ಮಾತು ಅಂತ ಗಾಬರಿಯಾಗಬೇಡಿ. ಎರಡನೇ ಹಂತದ ಸ್ತನ ಕ್ಯಾನ್ಸರನ್ನು ಪೂರ್ತಿ ಗುಣ ಮಾಡುವ ಉದ್ದೇಶದಿಂದಲೇ ಚಿಕಿತ್ಸೆ ಮಾಡುತ್ತೇವೆ. ಬಹುಪಾಲು ಹೆಂಗಸರು ಚೆನ್ನಾಗಿ ಹೊರಗೆ ಬರುತ್ತಾರೆ. ಈ ಕಾಗದ ಬಳಕೆಗೆ ಬರದೇ ಇರಲಿ ಅಂತಲೇ ಬರೆಯುವುದು. ಆದರೆ ‘ನನ್ನ ಪರವಾಗಿ ಮಾತಾಡುವವರು ಇವರು’ ಅಂತ ನೋಟರಿಯ ಮುಂದೆ ಬರೆದ ಒಂದು ದಾಖಲೆ ಇದೆ ಅಂದರೆ, ಸಣ್ಣಪುಟ್ಟ ಸಂದರ್ಭದಲ್ಲೂ ಆಸ್ಪತ್ರೆ ನಿಮ್ಮ ಮಾತಿಗೆ ಬೆಲೆ ಕೊಡುತ್ತದೆ.

ಇಲ್ಲೊಂದು ಎಚ್ಚರಿಕೆ. ಕೆಲವು ವಕೀಲರು ‘ಮೆಡಿಕಲ್ ಪವರ್ ಆಫ್ ಅಟಾರ್ನಿ ಮಾಡಿಸಿ, ಸಾಕು’ ಅನ್ನುತ್ತಾರೆ. ಮಾಡಿಸಿದರೆ ನಷ್ಟವಿಲ್ಲ. ಆದರೆ ನಮ್ಮ ಕಾಂಟ್ರ್ಯಾಕ್ಟ್ ಕಾಯ್ದೆಯಲ್ಲಿ ಅಧಿಕಾರ ಕೊಟ್ಟವರ ಬುದ್ಧಿ ಸ್ತಿಮಿತ ತಪ್ಪಿದರೆ ಆ ಅಧಿಕಾರವೂ ಮುಗಿಯುತ್ತದೆ. ಬೇಕಾದ ಹೊತ್ತಿಗೇ ಕೈಕೊಡುವ ಕಾಗದ ಅದು. ಅದನ್ನೊಂದೇ ನಂಬಿಕೊಂಡು ಕೂರಬೇಡಿ. ತಮಾಷೆ ನೋಡಿ, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಯಾವ ವಯಸ್ಕರನ್ನು ಬೇಕಾದರೂ ಬಿಳಿ ಹಾಳೆಯ ಮೇಲೆ ಪ್ರತಿನಿಧಿ ಅಂತ ಬರೆದುಕೊಡಬಹುದು. ಕ್ಯಾನ್ಸರ್ ರೋಗಿಗೆ ಅಷ್ಟು ಸಲೀಸಾದ ದಾರಿ ಇಲ್ಲ. ಮದ್ರಾಸ್ ಹೈಕೋರ್ಟ್ 2025ರ ಮೇ ತಿಂಗಳಲ್ಲಿ ಇಬ್ಬರು ಹೆಂಗಸರ ಪ್ರಕರಣದಲ್ಲಿ, ಕುಟುಂಬ ಕಟ್ಟಿಕೊಳ್ಳಲು ಮದುವೆಯೊಂದೇ ದಾರಿಯಲ್ಲ, ನಾವೇ ಆರಿಸಿಕೊಂಡ ಕುಟುಂಬ ಅನ್ನುವುದೂ ಇದೆ ಎಂದಿದೆ. ಅದು ಕರ್ನಾಟಕಕ್ಕೆ ಹಾಗೇ ಅನ್ವಯ ಆಗದು, ಆದರೂ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ತಿಳಿಯುತ್ತದೆ.

ಇನ್ನು ಡಾಕ್ಟರಿಗೆ ಹೇಳುವ ಪ್ರಶ್ನೆ. ಹೇಳುವುದು ಬಿಡುವುದು ನಿಮ್ಮ ಸಂಗಾತಿಗೆ ಸೇರಿದ್ದು, ನಿಮಗಲ್ಲ, ನನಗಂತೂ ಅಲ್ಲವೇ ಅಲ್ಲ. ಆದರೆ ಕೇಳಿದ್ದೀರಿ, ಹೇಳುತ್ತೇನೆ: ಚಿಕಿತ್ಸೆಯ ಮುಖ್ಯ ಡಾಕ್ಟರೊಬ್ಬರಿಗಾದರೂ ಗೊತ್ತಿದ್ದರೆ ಒಳ್ಳೆಯದು. ಕಾರಣ ಬರೀ ಮನಸ್ಸು ಹಗುರ ಮಾಡಿಕೊಳ್ಳುವುದಲ್ಲ. ನಮ್ಮಲ್ಲಿ ಡಾಕ್ಟರುಗಳು ‘ಮದುವೆ ಆಗಿದೆಯಾ?’ ಅನ್ನುವ ಒಂದೇ ಪ್ರಶ್ನೆಯಿಂದ ಹತ್ತು ವಿಷಯ ಊಹೆ ಮಾಡಿಕೊಂಡುಬಿಡುತ್ತಾರೆ. ಇಲ್ಲ ಅಂದರೆ ಲೈಂಗಿಕ ಬದುಕೇ ಇಲ್ಲ ಅಂತ ಲೆಕ್ಕ. ಗರ್ಭಕಂಠದ ಕ್ಯಾನ್ಸರ್ ಪತ್ತೆಗೆ ಮಾಡುವ ಪ್ಯಾಪ್ ಪರೀಕ್ಷೆ ಬೇಡ, ಆ ವಿಷಯ ಮಾತಾಡುವುದೂ ಬೇಡ. ಕೀಮೋ ಮತ್ತು ಟ್ಯಾಮಾಕ್ಸಿಫೆನ್‌ನಂಥ ಹಾರ್ಮೋನ್ ಮಾತ್ರೆಯಿಂದ ಯೋನಿ ಒಣಗುವುದು, ಆಸೆ ಕುಗ್ಗುವುದು, ಋತುಬಂಧ ಬೇಗ ಬರುವುದು ಇವೆಲ್ಲ ಆಗುತ್ತವೆ. ಟ್ಯಾಮಾಕ್ಸಿಫೆನ್ ಬೇಕಾದರೆ ಅದು ಐದರಿಂದ ಹತ್ತು ವರ್ಷದ ಮಾತು. ಅಷ್ಟು ವರ್ಷ ಈ ತೊಂದರೆಯನ್ನು ಬಾಯಿ ಬಿಡದೆ ಸಹಿಸುವುದು ಕಷ್ಟ. ಸ್ತನ ತೆಗೆಯಬೇಕಾ, ಉಳಿಸಬಹುದಾ, ತೆಗೆದರೆ ಮತ್ತೆ ಕಟ್ಟಿಸಬೇಕಾ ಅನ್ನುವ ಚರ್ಚೆಯಲ್ಲೂ ಸರ್ಜನ್ನರು ‘ನಾಳೆ ಮದುವೆ ಆಗೋದಿದೆಯಲ್ಲಮ್ಮಾ’ ಅಂತ ಶುರು ಮಾಡುತ್ತಾರೆ. ಕಲ್ಪನೆಯ ಗಂಡನೊಬ್ಬನ ಇಷ್ಟಕ್ಕೆ ತಕ್ಕಂತೆ ಸಲಹೆ ಬರುತ್ತದೆ. ನಿಜ ತಿಳಿದರೆ ಮಾತು ನಿಮ್ಮ ಸಂಗಾತಿಯ ಇಷ್ಟಕ್ಕೆ ತಿರುಗುತ್ತದೆ.

ಇನ್ನೊಂದು ವಿಷಯ ಅವಸರದ್ದು. ಅವರಿಗೆ 38. ಕೀಮೋ ಅಂಡಾಣುಗಳನ್ನು ಹಾಳು ಮಾಡಬಹುದು. ಮುಂದೆ ಮಗು ಬೇಕು ಅನ್ನುವ ಯೋಚನೆ ಸ್ವಲ್ಪವಾದರೂ ಇದ್ದರೆ ಕೀಮೋಗೆ ಮುಂಚೆಯೇ ಅಂಡಾಣು ತೆಗೆದು ಫ್ರೀಜ್ ಮಾಡಿಸುವ ಬಗ್ಗೆ ಕೇಳಿ. ಸುಮಾರು ಎರಡು ವಾರದ ಕೆಲಸ. ಕೃತಕ ಗರ್ಭಧಾರಣೆಗೆ ಸಂಬಂಧಿಸಿದ 2021ರ ಎಆರ್‌ಟಿ ಕಾಯ್ದೆಯಲ್ಲಿ ಮದುವೆಯಾಗದ ಹೆಂಗಸಿಗೂ 21 ದಾಟಿ 50ರ ಒಳಗಿದ್ದರೆ ಈ ಸೌಲಭ್ಯಕ್ಕೆ ಅವಕಾಶ ಇದೆ. ‘ಒಂಟಿ ಹೆಂಗಸು, ಮಗು ಯಾಕೆ’ ಅಂದುಕೊಂಡು ಡಾಕ್ಟರು ಈ ಮಾತೇ ಎತ್ತದೆ ಇರಬಹುದು. ನೀವೇ ಎತ್ತಿ.

ಹೇಗೆ ಹೇಳುವುದು? ದೊಡ್ಡ ಪೀಠಿಕೆ ಬೇಡ. ‘ಡಾಕ್ಟ್ರೇ, ಇವರು ನನ್ನ ಸಂಗಾತಿ. ನಾವಿಬ್ಬರೂ ಒಟ್ಟಿಗೆ ಬದುಕುತ್ತಿದ್ದೇವೆ. ನನ್ನ ವಿಷಯ ಏನಿದ್ದರೂ ಇವರ ಮುಂದೆ ಹೇಳಬಹುದು. ಫೈಲ್‌ನಲ್ಲಿ ಬರೆಯುವ ಮುಂಚೆ ನನ್ನನ್ನು ಕೇಳಿ’ ಅಂದರೆ ಆಯಿತು. ಕೊನೆಯ ವಾಕ್ಯ ಬಿಡಬೇಡಿ. ಫೈಲ್ ವಾರ್ಡಿಂದ ವಾರ್ಡಿಗೆ, ಇನ್ಶೂರೆನ್ಸ್ ಡೆಸ್ಕಿಗೆ ಓಡಾಡುತ್ತದೆ. ರೋಗಿಯ ಗುಟ್ಟು ಕಾಯುವುದು ಡಾಕ್ಟರ ಕರ್ತವ್ಯ. ಅಣ್ಣ ಫೋನ್ ಮಾಡಿ ಕೇಳಿದರೂ ಅವರ ಒಪ್ಪಿಗೆ ಇಲ್ಲದೆ ಹೇಳುವ ಹಾಗಿಲ್ಲ.

ಬೇರೆ ಥರ ನೋಡಿದರೆ ಅಂತ ಕೇಳಿದ್ದೀರಿ. ನೋಡುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಜಾತಿ, ಧರ್ಮದ ಜೊತೆಗೆ ಲೈಂಗಿಕ ಒಲವಿನ ಕಾರಣಕ್ಕೂ ಭೇದ ಮಾಡಬಾರದು ಅಂತ ಬರೆದಿದೆ. ಖಾಸಗಿ ಆಸ್ಪತ್ರೆಯಲ್ಲಿ ಅವಮಾನ ಆದರೆ ಮೊದಲು ಆಸ್ಪತ್ರೆಯ ಆಡಳಿತಕ್ಕೆ ಲಿಖಿತ ದೂರು ಕೊಡಿ. ಅಲ್ಲಿ ಆಗದಿದ್ದರೆ ಖಾಸಗಿ ಆಸ್ಪತ್ರೆಗಳ ಮೇಲೆ ನಿಗಾ ಇಡುವ ರಾಜ್ಯದ ಕೆಪಿಎಂಇ ಕಾಯ್ದೆಯ ಕೆಳಗೆ ಜಿಲ್ಲಾ ಮಟ್ಟದ ಕುಂದುಕೊರತೆ ಪ್ರಾಧಿಕಾರ ಇದೆ. ‘ಇದನ್ನೂ ಗುಣ ಮಾಡಿಸಿ’ ಅಂತ ಯಾರಾದರೂ ಕೌನ್ಸೆಲಿಂಗ್‌ಗೆ ಕಳಿಸಿದರೆ, ಒಲವು ಬದಲಿಸುವ ಇಂಥ ‘ಚಿಕಿತ್ಸೆ’ಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ವೃತ್ತಿ ದುರ್ನಡತೆ ಎಂದಿದೆ ಅಂತ ನೆನಪಿಸಿ. ಆದರೆ ಕೀಮೋ ನಡುವೆ ಹೋರಾಟಕ್ಕಿಂತ ಡಾಕ್ಟರನ್ನೋ ಆಸ್ಪತ್ರೆಯನ್ನೋ ಬದಲಿಸುವುದೇ ಸುಲಭ ಅನಿಸಿದರೆ ಹಾಗೇ ಮಾಡಿ. ಬಯಾಪ್ಸಿ ಬ್ಲಾಕ್, ಸ್ಲೈಡ್, ಸ್ಕ್ಯಾನ್ ಸಿಡಿ, ಎಲ್ಲವನ್ನೂ ಕೇಳಿ ಪಡೆಯುವ ಹಕ್ಕು ರೋಗಿಗಿದೆ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಮಾತು ಹೇಳಿಬಿಡುತ್ತೇನೆ, ಯಾಕಂದರೆ ಊರಿನ ಕಡೆಯಿಂದ ಇವತ್ತಲ್ಲ ನಾಳೆ ಬರುತ್ತದೆ: ‘ಹೀಗೆ ಬದುಕಿದ್ದಕ್ಕೇ ಈ ಕಾಯಿಲೆ.’ ಶುದ್ಧ ಸುಳ್ಳು. ಮಕ್ಕಳಾಗದಿದ್ದರೆ, ಹಾಲುಣಿಸದಿದ್ದರೆ ಸ್ತನ ಕ್ಯಾನ್ಸರಿನ ಅಪಾಯ ಸ್ವಲ್ಪ ಹೆಚ್ಚುತ್ತದೆ ನಿಜ. ಅದು ಮಕ್ಕಳಿಲ್ಲದ ಎಲ್ಲ ಹೆಂಗಸರಿಗೂ ಒಂದೇ, ಸನ್ಯಾಸಿನಿಗೂ ಸೇರಿ. ಯಾರನ್ನು ಪ್ರೀತಿಸಿದರು ಅನ್ನುವುದು ಯಾವ ಗಡ್ಡೆಯನ್ನೂ ಹುಟ್ಟಿಸುವುದಿಲ್ಲ.

ದುಡ್ಡಿನ ವಿಷಯ ಚುಟುಕಾಗಿ. ನಿಮ್ಮ ಕಂಪನಿಯ ಗುಂಪು ವಿಮೆಯಲ್ಲಿ ಸಂಗಾತಿಯನ್ನು ಸೇರಿಸಲು ಬಿಡುತ್ತಾರಾ ಅಂತ ಎಚ್‌ಆರ್‌ನಲ್ಲಿ ಕೇಳಿ. ಬೆಂಗಳೂರಿನ ಕೆಲವು ಕಂಪನಿಗಳು ಬಿಡುತ್ತವೆ. ಗುಂಪು ವಿಮೆಯಲ್ಲಿ ಸಾಮಾನ್ಯವಾಗಿ ಮೊದಲೇ ಇದ್ದ ಕಾಯಿಲೆಗೂ ರಕ್ಷಣೆ ಇರುತ್ತದೆ. ಈಗ ಹೊಸದಾಗಿ ಸ್ವಂತ ಪಾಲಿಸಿ ಕೊಂಡರೆ ಈ ಕ್ಯಾನ್ಸರಿಗೆ ಸದ್ಯಕ್ಕೆ ಉಪಯೋಗವಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ, ಕಿದ್ವಾಯಿ ಆಸ್ಪತ್ರೆಯಲ್ಲೂ ನಡೆಯುತ್ತದೆ. ಮತ್ತೆ, ಅವರ ಹೆಸರಲ್ಲಿ ಮನೆಯೋ ಉಳಿತಾಯವೋ ಇದ್ದರೆ ಒಂದು ಉಯಿಲು ಬರೆಸಿ. ಮದುವೆಯಾಗದ ಹಿಂದೂ ಹೆಂಗಸು ಉಯಿಲಿಲ್ಲದೆ ತೀರಿಕೊಂಡರೆ ಆಸ್ತಿ ಅಪ್ಪ ಅಮ್ಮನಿಗೆ, ಅವರೂ ಇಲ್ಲದಿದ್ದರೆ ಅಪ್ಪನ ವಾರಸುದಾರರಿಗೆ, ಅಂದರೆ ಆ ಅಣ್ಣನಿಗೇ ಹೋಗುತ್ತದೆ. ನಾಮಿನಿ ಅಂತ ನಿಮ್ಮ ಹೆಸರಿದ್ದರೂ ಅದು ಹಣ ಕೈಗೆ ಪಡೆಯುವುದಕ್ಕಷ್ಟೇ, ಒಡೆತನಕ್ಕಲ್ಲ. ಉಯಿಲಿಗೆ ಇಬ್ಬರು ಸಾಕ್ಷಿ ಸಾಕು. ಸಬ್ ರಿಜಿಸ್ಟ್ರಾರ್ ಹತ್ತಿರ ನೋಂದಾಯಿಸುವುದು ಕಡ್ಡಾಯ ಅಲ್ಲ, ಆದರೆ ನಿಮ್ಮಂಥ ಸಂದರ್ಭದಲ್ಲಿ ಮಾಡಿಸಿ.

ನಿಮ್ಮ ಸ್ನೇಹಿತನಿಗೆ ನನ್ನ ಉತ್ತರ: ದೇಹದಲ್ಲಿ ಯಾವ ಅಂಗ ಉಳಿದಿದೆಯೋ ಅದಕ್ಕೆ ತಪಾಸಣೆ ಬೇಕು. ಆಧಾರ್ ಕಾರ್ಡಿನಲ್ಲಿ ಗಂಡೋ ಹೆಣ್ಣೋ ಅನ್ನುವುದು ಕ್ಯಾನ್ಸರಿಗೆ ಗೊತ್ತಿಲ್ಲ. ಗರ್ಭಕಂಠ ಇದ್ದರೆ ಗರ್ಭಕಂಠದ ತಪಾಸಣೆ ಬೇಕೇ ಬೇಕು. ಭಾರತದಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವುದು ಇದೇ. 2022ರ ಅಂದಾಜಿನಲ್ಲಿ ಒಂದೇ ವರ್ಷಕ್ಕೆ ಸುಮಾರು 1.27 ಲಕ್ಷ ಹೊಸ ರೋಗಿಗಳು. ಇದಕ್ಕೆ ಕಾರಣವಾದ ಎಚ್‌ಪಿವಿ ವೈರಸ್ ಚರ್ಮದಿಂದ ಚರ್ಮಕ್ಕೆ ದಾಟುತ್ತದೆ. ಅಂದರೆ ಗಂಡಸಿನ ಜೊತೆ ಎಂದೂ ಇರದ ಹೆಂಗಸಿಗೂ ಬರಬಹುದು, ಈ ಮಾತು ನಿಮಗೂ ಸೇರಿದ್ದು. 30 ದಾಟಿದ್ದರೆ ನೀವೂ ಒಮ್ಮೆ ಮಾಡಿಸಿ.

ಅವನು ಗಂಡು ಹಾರ್ಮೋನ್ ಆದ ಟೆಸ್ಟೋಸ್ಟೆರಾನ್ ತೆಗೆದುಕೊಳ್ಳುತ್ತಿದ್ದರೆ ಆ ಭಾಗ ಒಣಗಿ ತೆಳುವಾಗಿರುತ್ತದೆ. ಪ್ಯಾಪ್ ಪರೀಕ್ಷೆ ನೋವು ಕೊಡುತ್ತದೆ, ಮಾದರಿ ಸರಿಯಾಗಿಲ್ಲ ಅಂತ ವರದಿ ವಾಪಸ್ ಬರುವುದೂ ಜಾಸ್ತಿ. ಲ್ಯಾಬಿನ ಚೀಟಿಯಲ್ಲಿ ಟೆಸ್ಟೋಸ್ಟೆರಾನ್ ವಿಷಯ ಬರೆಸಬೇಕು. ಅದಕ್ಕಿಂತ ಸುಲಭ ಎಚ್‌ಪಿವಿ ಪರೀಕ್ಷೆ. ಅದಕ್ಕೆ ಮಾದರಿಯನ್ನು ರೋಗಿಯೇ ಬಾತ್‌ರೂಮಿನಲ್ಲಿ ತೆಗೆದುಕೊಡಬಹುದು, ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಒಪ್ಪಿದೆ. ಎಲ್ಲ ಕಡೆ ಇಲ್ಲ, ಫೋನ್ ಮಾಡಿ ಕೇಳಿಕೊಂಡು ಹೋಗಲಿ. ಎದೆಯ ಆಪರೇಷನ್ ಆಗಿದ್ದರೂ ಸ್ವಲ್ಪ ಸ್ತನದ ಅಂಶ ಉಳಿದಿರುತ್ತದೆ. ಗಂಟು ಸಿಕ್ಕರೆ ‘ನನಗೇನು ಇಲ್ಲಿ’ ಅಂತ ಸುಮ್ಮನಿರಬಾರದು. ಹಾಗೆಯೇ ಟ್ರಾನ್ಸ್ ಮಹಿಳೆಯರಿಗೆ: ಹೆಣ್ಣು ಹಾರ್ಮೋನ್ ಆದ ಈಸ್ಟ್ರೋಜನ್ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಅಪಾಯ ಗಂಡಸರಿಗಿಂತ ಹೆಚ್ಚು, ಉಳಿದ ಹೆಂಗಸರಿಗಿಂತ ಕಡಿಮೆ ಅಂತ ನೆದರ್ಲೆಂಡ್ಸ್‌ನಲ್ಲಿ 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು. ಲಿಂಗ ಬದಲಾವಣೆಯ ಆಪರೇಷನ್ ಆದ ಮೇಲೂ ಪ್ರಾಸ್ಟೇಟ್ ಗ್ರಂಥಿ ಸಾಮಾನ್ಯವಾಗಿ ಒಳಗೇ ಇರುತ್ತದೆ. ಈಸ್ಟ್ರೋಜನ್‌ನಿಂದ ಪ್ರಾಸ್ಟೇಟ್ ತೊಂದರೆ ತಿಳಿಯಲು ಮಾಡುವ ಪಿಎಸ್‌ಎ ರಕ್ತಪರೀಕ್ಷೆಯ ಸಂಖ್ಯೆ ಇಳಿಯುವುದರಿಂದ ‘ನಾರ್ಮಲ್’ ಅಂದ ವರದಿಯನ್ನು ಪೂರ್ತಿ ನಂಬುವ ಹಾಗಿಲ್ಲ. ಇದನ್ನು ಡಾಕ್ಟರಿಗೇ ನೆನಪಿಸಬೇಕಾಗಬಹುದು.

ಸ್ತ್ರೀರೋಗ ವಿಭಾಗದ ಸಾಲಿನಲ್ಲಿ ಗಡ್ಡ ಬಿಟ್ಟು ನಿಲ್ಲುವುದು ಹಿಂಸೆ, ಅರ್ಥವಾಗುತ್ತದೆ. ಮೊದಲೇ ಫೋನ್ ಮಾಡಿ ಬೆಳಗಿನ ಮೊದಲ ಸಮಯ ಕೇಳಲಿ. ಹೆಸರು ಕೂಗುವ ಬದಲು ಟೋಕನ್ ನಂಬರ್ ಕೂಗಿ ಅನ್ನಲಿ. ಜೊತೆಗೆ ನೀವೊಬ್ಬರು ಹೋಗಿ. ಲೈಂಗಿಕ ಅಲ್ಪಸಂಖ್ಯಾತರಿಗಾಗಿ ಕೆಲಸ ಮಾಡುವ ಬೆಂಗಳೂರಿನ ‘ಸಂಗಮ’ದಂಥ ಸಂಸ್ಥೆಗಳನ್ನು ಕೇಳಿದರೆ ಯಾವ ಡಾಕ್ಟರು ಮರ್ಯಾದೆಯಿಂದ ನೋಡುತ್ತಾರೆ ಅಂತ ತಿಳಿಯಬಹುದು.

ಕೊನೆಗೆ ನಿಮ್ಮ ಬಗ್ಗೆ. ಕೀಮೋ ಕೊಟ್ಟ ಏಳರಿಂದ ಹದಿನಾಲ್ಕನೇ ದಿನದ ನಡುವೆ ಬಿಳಿ ರಕ್ತಕಣ ತಳಕ್ಕೆ ಇಳಿದಿರುತ್ತದೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ಮನೆಯಲ್ಲಿ ಮಾತ್ರೆ ಕೊಟ್ಟು ಬೆಳಗಾಗಲಿ ಅಂತ ಕಾಯಬಾರದು, ರಾತ್ರಿಯೇ ಎಮರ್ಜೆನ್ಸಿಗೆ ಹೋಗಬೇಕು. ಥರ್ಮಾಮೀಟರ್ ಮನೆಯಲ್ಲಿರಲಿ. ಮೇಲೆ ಹೇಳಿದ ಎರಡೂ ಕಾಗದದ ನಕಲು ಬ್ಯಾಗಿನಲ್ಲಿ, ಫೋಟೋ ಫೋನಿನಲ್ಲಿ ಇರಲಿ. ಆಫೀಸಿನಲ್ಲಿ ನಿಮಗೆ ರಜೆ ಕೇಳುವುದೂ ಕಷ್ಟ, ‘ಫ್ರೆಂಡ್‌ಗೆ ಹುಷಾರಿಲ್ಲ’ ಅಂದರೆ ಎಷ್ಟು ದಿನ ಕೊಡುತ್ತಾರೆ? ನಂಬುವ ಒಬ್ಬ ಮ್ಯಾನೇಜರ್‌ಗಾದರೂ ನಿಜ ಹೇಳಬಹುದಾ ಯೋಚಿಸಿ. ನಿದ್ದೆ ಬಾರದೆ, ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ಒದ್ದಾಡುವ ರಾತ್ರಿ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ಅವರ ತಾಯಿಗೆ ವಿಷಯ ತಿಳಿಸುವುದೋ ಬೇಡವೋ ಅನ್ನುವುದನ್ನು ಅವರಿಗೇ ಬಿಡಿ. ತಿಳಿಸುವುದಾದರೆ ಕೂದಲು ಉದುರುವ ಮುಂಚೆ ತಿಳಿಸಲಿ. ಮೊದಲ ಕೀಮೋ ಆದ ಎರಡು ಮೂರು ವಾರಕ್ಕೆ ಉದುರಲು ಶುರುವಾಗುತ್ತದೆ, ಆಮೇಲೆ ವಿಡಿಯೋ ಕಾಲ್‌ನಲ್ಲಿ ಮುಚ್ಚಿಡಲು ಆಗುವುದಿಲ್ಲ.